ಒತ್ತಿದ ಕೀಲಿ ಎಲ್ಲಿ ಹೋಯಿತು?

ಕೀಲಿಮಣೆಯಲ್ಲಿ ‘ಕ’ ಒತ್ತಿದರೆ ತೆರೆಯ ಮೇಲೆ ‘ಕ’ ಮೂಡಬೇಕು. ಅಳಿಸುವ ಕೀಲಿಯನ್ನು ಒತ್ತಿದರೆ ಅದು ಅಳಿಯಬೇಕು. ನಿಲ್ಲಿಸುವ ಕೀಲಿಯನ್ನು ಒತ್ತಿದರೆ ನಡೆಯುತ್ತಿರುವ ಕೆಲಸ ನಿಲ್ಲಬೇಕು. ಗಣಕಯಂತ್ರದಿಂದ ನಾವು ಅಪೇಕ್ಷಿಸುವ ಕೆಲಸಗಳಲ್ಲಿ ಇದಕ್ಕಿಂತ ಸರಳವಾದುದು ಇನ್ನೊಂದಿಲ್ಲ. ಆದರೂ ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ವರ್ಷ ವರ್ಷವೂ ಮರುಕಳಿಸುವ ತೊಂದರೆಗಳಲ್ಲಿ ಈ ಬಗೆಯವು ಕಡಿಮೆಯೇನಲ್ಲ. ವಿದ್ಯಾರ್ಥಿಯು ಬರೆದ ಪ್ರೋಗ್ರಾಮು ಸರಿಯಾಗಿಯೇ ಇರುತ್ತದೆ. ಆದರೆ ಅದು ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಮೌನವಾಗಿ ಕುಳಿತಿರುತ್ತದೆ. ಅಳಿಸುವ ಕೀಲಿಯನ್ನು ಒತ್ತಿದರೆ ಅಕ್ಷರ ಅಳಿಯುವುದರ ಬದಲು ವಿಚಿತ್ರವಾದ ಚಿಹ್ನೆಯೊಂದು ಮೂಡುತ್ತದೆ. ಒಮ್ಮೊಮ್ಮೆ ಇಡೀ ಕಿಟಕಿಯೇ ಸ್ತಬ್ಧವಾಗಿ, ಏನು ಒತ್ತಿದರೂ ಉತ್ತರವಿರುವುದಿಲ್ಲ.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಸಹಪಾಠಿಯೊಬ್ಬನು ಬಂದು, ‘ಎಲ್ಲವನ್ನೂ ತೆಗೆದುಹಾಕಿ ಹೊಸದಾಗಿ ಹಾಕು’ ಎನ್ನುತ್ತಾನೆ. ಇನ್ನೊಬ್ಬಳು ಎಲ್ಲಿಯೋ ದೊರೆತ ಒಂದು ಸಾಲಿನ ಆಜ್ಞೆಯನ್ನು ಕೊಟ್ಟು, ‘ನನಗೆ ಇದರಿಂದಲೇ ಸರಿಹೋಯಿತು’ ಎನ್ನುತ್ತಾಳೆ. ಇವೆರಡೂ ಫಲಿಸದಿದ್ದಾಗ ವಿದ್ಯಾರ್ಥಿಯು ‘ಈ ವಿದ್ಯೆ ನಮಗೆ ಹತ್ತುವಂಥದಲ್ಲ’ ಎಂಬ ತೀರ್ಮಾನಕ್ಕೆ ಬರುತ್ತಾನೆ. ಮನೆಯಲ್ಲಿ ಕೇಳಿ ತಿಳಿಯಲು ಯಾರೂ ಇಲ್ಲದ, ಗಣಕವನ್ನು ಮೊದಲ ಸಲ ಕಾಲೇಜಿನಲ್ಲಿಯೇ ಕಂಡ ಮಕ್ಕಳು ಈ ತೀರ್ಮಾನವನ್ನು ಬಲುಬೇಗ ಮಾಡಿಬಿಡುತ್ತಾರೆ. ಕೀಲಿಯ ಸಣ್ಣ ತೊಂದರೆಯೊಂದು ಆತ್ಮವಿಶ್ವಾಸದ ತೊಂದರೆಯಾಗಿ ಪರಿಣಮಿಸುವುದು ವಿಷಾದದ ಸಂಗತಿ.

ಈ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಕೀಲಿಯ ಈ ತೊಂದರೆಗಳು ಅದೃಷ್ಟದ ಆಟಗಳಲ್ಲ. ಪ್ರತಿಯೊಂದಕ್ಕೂ ಕಾರಣವುಂಟು, ಆ ಕಾರಣಕ್ಕೆ ಒಂದು ನಿರ್ದಿಷ್ಟವಾದ ಸ್ಥಾನವುಂಟು. ಆ ಸ್ಥಾನವನ್ನು ಪ್ರಯೋಗದಿಂದ ಕಂಡುಹಿಡಿಯುವವರೆಗೆ ಯಾವ ಪರಿಹಾರವನ್ನೂ ಪರಿಹಾರವೆಂದು ಕರೆಯಲಾಗದು. ಅಷ್ಟೇ ಅಲ್ಲದೆ, ದೋಷವನ್ನು ಹುಡುಕುವ ಈ ಕೆಲಸವನ್ನು ಪಾಠಕ್ಕೆ ಬಂದ ಅಡಚಣೆಯೆಂದು ಬಗೆಯದೆ ಪಾಠದ ಒಂದು ಅಂಗವೆಂದೇ ಕಾಲೇಜುಗಳು ಎಣಿಸಬೇಕು. ಹೀಗೆ ಹೇಳುವುದಕ್ಕೆ ಆಧಾರವೇನೆಂಬುದನ್ನು ಮುಂದೆ ವಿವರಿಸುತ್ತೇವೆ.

ದುಭಾಷಿಯ ಕಷ್ಟ

ಅನೇಕ ವಿದ್ಯಾರ್ಥಿಗಳ ಗಣಕದಲ್ಲಿ ಇರುವುದು ವಿಂಡೋಸ್ ಎಂಬ ಕಾರ್ಯಾಚರಣ ವ್ಯವಸ್ಥೆ. ಅವರು ಕಲಿಯಬೇಕಾದ ಉಪಕರಣಗಳೋ, ಹಲವು ಸಂದರ್ಭಗಳಲ್ಲಿ, ಯೂನಿಕ್ಸ್ ಅಥವಾ ಲಿನಕ್ಸ್ ಮನೆತನಕ್ಕೆ ಸೇರಿದವು. ಈ ಎರಡರ ನಡುವೆ ಸೇತುವೆಯಾಗಿ ನಿಲ್ಲುವ ತಂತ್ರಾಂಶಕ್ಕೆ ಹೊಂದಾಣಿಕೆಯ ಪದರವೆಂದು ಹೆಸರಿಡಬಹುದು. 1995ರಲ್ಲಿ ಸಿಗ್ನಸ್ ಎಂಬ ಸಂಸ್ಥೆಯಲ್ಲಿ ಆರಂಭವಾದ ಸಿಗ್ವಿನ್ ಇಂಥದೊಂದು. ಗಿಟ್ ಬ್ಯಾಷ್ ಎಂಬ ಹೆಸರಿನಲ್ಲಿ ಬಹು ಮಂದಿ ಬಳಸುವ ಕಿಟಕಿಯೂ ಅದೇ ವಂಶದ್ದು. 2016ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯೇ ವಿಂಡೋಸಿನೊಳಗೆ ಲಿನಕ್ಸ್ ಪ್ರೋಗ್ರಾಮುಗಳನ್ನು ನಡೆಸುವ ಡಬ್ಲ್ಯೂಎಸ್‌ಎಲ್ ಎಂಬ ಉಪವ್ಯವಸ್ಥೆಯನ್ನು ಬಿಡುಗಡೆಮಾಡಿತು. ಇದಕ್ಕೆ ಪ್ರತಿಯಾಗಿ ಲಿನಕ್ಸಿನಲ್ಲಿ ವಿಂಡೋಸ್ ಪ್ರೋಗ್ರಾಮುಗಳನ್ನು ನಡೆಸುವ ವೈನ್ ಎಂಬ ಪದರವು 1993ರಿಂದಲೇ ಬೆಳೆದುಬಂದಿದೆ.

ಪದರವು ಮಾಡುವ ಕೆಲಸ ದುಭಾಷಿಯ ಕೆಲಸ. ಒಂದು ಕಡೆಯವರ ಮಾತನ್ನು ಇನ್ನೊಂದು ಕಡೆಯವರ ಮಾತಿಗೆ ತಿರುಗಿಸುವುದು ಅದರ ಕರ್ತವ್ಯ. ‘ಈ ಕಡತವನ್ನು ತೆರೆ’, ‘ಇಷ್ಟು ಸ್ಮೃತಿಯನ್ನು ಕೊಡು’ ಎಂಬಂಥ ಮಾತುಗಳಿಗೆ ಎರಡು ಭಾಷೆಗಳಲ್ಲಿಯೂ ಸಮಾನವಾದ ಪದಗಳುಂಟು. ಅವನ್ನು ತಿರುಗಿಸುವುದು ಅಷ್ಟೇನೂ ಕಷ್ಟವಲ್ಲ. ಆದರೆ ಒಂದು ಭಾಷೆಯಲ್ಲಿರುವ ಕಲ್ಪನೆಯೇ ಇನ್ನೊಂದರಲ್ಲಿ ಇಲ್ಲದಿದ್ದಾಗ ದುಭಾಷಿಯು ಏನು ಮಾಡಬೇಕು? ಹತ್ತಿರದ ಪದವೊಂದನ್ನು ಹುಡುಕಿ ಹೇಳಬೇಕು. ಅರ್ಥ ಸ್ವಲ್ಪ ಜಾರಿದರೂ ಸುಮ್ಮನಿರಬೇಕು. ಕೀಲಿಯನ್ನು ಒತ್ತುವ ವಿಷಯದಲ್ಲಿ ಆಗಿರುವುದು ಇದೇ. ಕೀಲಿ ಎಂದರೇನು ಎಂಬ ಮೂಲ ಪ್ರಶ್ನೆಗೇ ಈ ಎರಡು ಮನೆತನಗಳು ಬೇರೆ ಬೇರೆ ಉತ್ತರಗಳನ್ನು ಕೊಡುತ್ತವೆ. ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಟೆಲಿಟೈಪಿನ ಸಂಪ್ರದಾಯ

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯಗಳಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅವರು ಯೂನಿಕ್ಸನ್ನು ಆರಂಭಿಸಿದಾಗ ಗಣಕದೊಡನೆ ಮಾತನಾಡಲು ಇದ್ದ ಸಾಧನ ಟೆಲಿಟೈಪ್ ಯಂತ್ರ. ಅದು ತಂತಿಯ ಮೂಲಕ ಅಕ್ಷರಗಳನ್ನು ಕಳಿಸುವ, ಬಂದ ಅಕ್ಷರಗಳನ್ನು ಕಾಗದದ ಮೇಲೆ ಬಡಿಯುವ ಬೆರಳಚ್ಚು ಯಂತ್ರ. ಕೀಲಿಯನ್ನು ಒತ್ತಿದರೆ ತಂತಿಯಲ್ಲಿ ಹೋಗುತ್ತಿದ್ದುದು ಒಂದು ಸಂಖ್ಯೆ ಮಾತ್ರ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬುದನ್ನು 1963ರಲ್ಲಿ ಮೊದಲು ಪ್ರಕಟವಾದ ಆಸ್ಕಿ ಎಂಬ ಸಂಕೇತಪಟ್ಟಿಯು ನಿಗದಿಮಾಡಿತು. ಅದರಲ್ಲಿ ಒಟ್ಟು 128 ಸಂಕೇತಗಳು. ದೊಡ್ಡ ‘ಸಿ’ ಅಕ್ಷರಕ್ಕೆ 67, ‘ಡಿ’ಗೆ 68, ‘ಝಡ್’ಗೆ 90. ಕಂಟ್ರೋಲ್ ಕೀಲಿಯನ್ನು ಜೊತೆಯಲ್ಲಿ ಒತ್ತಿದರೆ ಈ ಸಂಖ್ಯೆಯಿಂದ 64 ಕಳೆದುಹೋಗುತ್ತದೆ. ಆದುದರಿಂದ ಕಂಟ್ರೋಲ್-ಸಿ ಎಂದರೆ 3, ಕಂಟ್ರೋಲ್-ಡಿ ಎಂದರೆ 4, ಕಂಟ್ರೋಲ್-ಝಡ್ ಎಂದರೆ 26. ಇಷ್ಟು ಸರಳವಾದ ಅಂಕಗಣಿತವು ಆ ಕೀಲಿಗಳ ಹಿಂದೆ ಅಡಗಿದೆ.

ತಂತಿಯಿಂದ ಬಂದ ಸಂಖ್ಯೆಗಳು ಯೂನಿಕ್ಸಿನಲ್ಲಿ ನೇರವಾಗಿ ಪ್ರೋಗ್ರಾಮಿಗೆ ತಲಪುವುದಿಲ್ಲ. ನಡುವೆ, ವ್ಯವಸ್ಥೆಯ ಗರ್ಭದಲ್ಲಿಯೇ, ಲೈನ್ ಡಿಸಿಪ್ಲಿನ್ ಎಂಬ ಮೇಲ್ವಿಚಾರಕನೊಬ್ಬನಿದ್ದಾನೆ. ಸಾಲಿನ ಶಿಸ್ತನ್ನು ನೋಡಿಕೊಳ್ಳುವವನಾದುದರಿಂದ ಇವನನ್ನು ಸಾಲಿನ ಮೇಲ್ವಿಚಾರಕ ಎನ್ನೋಣ. ಇವನ ಕೆಲಸಗಳು ಮೂರು. ಬಂದ ಅಕ್ಷರವನ್ನು ಪ್ರತಿಧ್ವನಿಯಂತೆ ತೆರೆಗೆ ಹಿಂದಿರುಗಿಸುವುದು ಮೊದಲನೆಯದು. ಎಂಟರ್ ಒತ್ತುವವರೆಗೆ ಇಡೀ ಸಾಲನ್ನು ತನ್ನಲ್ಲಿ ಹಿಡಿದಿಟ್ಟು, ಅಳಿಸಬೇಕೆಂದದ್ದನ್ನು ಅಳಿಸಿ, ಬಳಿಕ ಪ್ರೋಗ್ರಾಮಿಗೆ ಒಪ್ಪಿಸುವುದು ಎರಡನೆಯದು. ಕೆಲವು ವಿಶೇಷ ಸಂಖ್ಯೆಗಳನ್ನು ಅಕ್ಷರಗಳೆಂದು ಭಾವಿಸದೆ ಅಪ್ಪಣೆಗಳೆಂದು ಅರ್ಥಮಾಡುವುದು ಮೂರನೆಯದು. 3 ಬಂದರೆ ‘ನಿಲ್ಲಿಸು’. 4 ಬಂದರೆ ‘ಇನ್ನು ಕೊಡುವುದೇನೂ ಇಲ್ಲ’. 26 ಬಂದರೆ ‘ಸದ್ಯಕ್ಕೆ ಮಲಗಿರು’.

ಈ ಮೊದಲನೆಯ ಕೆಲಸವನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ತೆರೆಯ ಮೇಲೆ ಮೂಡುವ ಅಕ್ಷರವು ನಮ್ಮ ಬೆರಳಿನಿಂದ ನೇರವಾಗಿ ಬಂದುದಲ್ಲ. ಅದು ಒಳಗೆ ಹೋಗಿ ಮರಳಿ ಬಂದ ಪ್ರತಿಧ್ವನಿ. ಆದುದರಿಂದ ‘ಅಕ್ಷರ ಕಾಣಿಸಲಿಲ್ಲ’ ಎಂದ ಮಾತ್ರಕ್ಕೆ ‘ಅಕ್ಷರ ತಲಪಲಿಲ್ಲ’ ಎಂದು ಅರ್ಥವಾಗುವುದಿಲ್ಲ. ‘ಅಕ್ಷರ ಕಾಣಿಸಿತು’ ಎಂದ ಮಾತ್ರಕ್ಕೆ ‘ಪ್ರೋಗ್ರಾಮಿಗೆ ಮುಟ್ಟಿತು’ ಎಂದೂ ಅರ್ಥವಾಗುವುದಿಲ್ಲ. ಗುಪ್ತಪದವನ್ನು ಕೊಡುವಾಗ ಏನೂ ಕಾಣಿಸದಿದ್ದರೂ ಅದು ಸೇರಬೇಕಾದ ಕಡೆಗೆ ಸೇರುತ್ತದೆಯಲ್ಲವೆ?

ವಿಂಡೋಸಿನ ಸಂಪ್ರದಾಯ ಬೇರೆ. 1993ರಲ್ಲಿ ಹೊರಬಂದ ವಿಂಡೋಸ್ ಎನ್‌ಟಿ ವ್ಯವಸ್ಥೆಯ ಕನ್ಸೋಲಿನಲ್ಲಿ ಕೀಲಿಯೆಂದರೆ ಒಂದು ಸಂಖ್ಯೆಯಲ್ಲ, ಒಂದು ಘಟನೆಯ ವರದಿ. ಯಾವ ಕೀಲಿ, ಒತ್ತಲಾಯಿತೇ ಬಿಡಲಾಯಿತೇ, ಎಷ್ಟು ಸಲ, ಜೊತೆಯಲ್ಲಿ ಶಿಫ್ಟ್ ಇತ್ತೇ ಕಂಟ್ರೋಲ್ ಇತ್ತೇ, ಇವೆಲ್ಲವೂ ಆ ವರದಿಯಲ್ಲಿ ಸೇರಿರುತ್ತವೆ. ಪ್ರೋಗ್ರಾಮು ಬೇಕೆಂದರೆ ಕನ್ಸೋಲಿನಿಂದ ಈ ವರದಿಗಳನ್ನು ಹಾಗೆಯೇ ಕೇಳಿ ಪಡೆಯಬಹುದು. ಒಂದು ಮನೆತನದಲ್ಲಿ ಸಂಖ್ಯೆಗಳ ಪ್ರವಾಹ. ಇನ್ನೊಂದರಲ್ಲಿ ಘಟನೆಗಳ ದಫ್ತರ. ಇವೆರಡರ ನಡುವೆ ಕುಳಿತ ದುಭಾಷಿಯ ಕಷ್ಟವನ್ನು ಈಗ ಊಹಿಸಬಹುದು.

ಮೌನವಾದ ಪ್ರೋಗ್ರಾಮು

ಒಂದು ಉದಾಹರಣೆಯನ್ನು ಪೂರ್ಣವಾಗಿ ಪರೀಕ್ಷಿಸೋಣ. ಸಿ ಭಾಷೆಯನ್ನು ಕಲಿಯುವವರು ಮೊದಲ ವಾರಗಳಲ್ಲಿ ಬರೆಯುವಂಥ ಪ್ರೋಗ್ರಾಮು ಇದು: ‘ನಿಮ್ಮ ಹೆಸರೇನು?’ ಎಂದು ಕೇಳುವುದು, ಹೆಸರನ್ನು ಓದುವುದು, ನಮಸ್ಕಾರ ಹೇಳುವುದು. ಇದನ್ನು ವಿಂಡೋಸಿಗಾಗಿ ಸಿದ್ಧಪಡಿಸಿ, ಗಿಟ್ ಬ್ಯಾಷ್ ಅಥವಾ ಸಿಗ್ವಿನ್ನಿನ ಹಳೆಯ ಆವೃತ್ತಿಯೊಂದರ ಕಿಟಕಿಯಲ್ಲಿ ನಡೆಸಿದರೆ ಪ್ರಶ್ನೆಯೇ ಕಾಣಿಸುವುದಿಲ್ಲ. ಬೇಸತ್ತು ಏನನ್ನಾದರೂ ಬರೆದು ಎಂಟರ್ ಒತ್ತಿದರೆ ಪ್ರಶ್ನೆಯೂ ನಮಸ್ಕಾರವೂ ಒಟ್ಟಿಗೆ ಧುಮುಕುತ್ತವೆ. ದೋಷ ಎಲ್ಲಿ? ಪ್ರೋಗ್ರಾಮಿನಲ್ಲೇ, ಕೀಲಿಮಣೆಯಲ್ಲೇ, ಕಿಟಕಿಯಲ್ಲೇ, ಪದರದಲ್ಲೇ?

ಮೊದಲನೆಯ ಪ್ರಯೋಗ: ಅದೇ ಪ್ರೋಗ್ರಾಮನ್ನು, ಒಂದಕ್ಷರವನ್ನೂ ಬದಲಿಸದೆ, ವಿಂಡೋಸಿನ ಸ್ವಂತ ಕನ್ಸೋಲ್ ಕಿಟಕಿಯಲ್ಲಿ ನಡೆಸಿ. ಪ್ರಶ್ನೆಯು ಸರಿಯಾದ ವೇಳೆಗೆ ಕಾಣಿಸುತ್ತದೆ. ಎಂದಮೇಲೆ ಕೀಲಿಮಣೆಯು ನಿರ್ದೋಷಿ. ಪ್ರೋಗ್ರಾಮಿನ ತರ್ಕವೂ ನಿರ್ದೋಷಿ.

ಎರಡನೆಯ ಪ್ರಯೋಗ: ಮೊದಲಿನ ಕಿಟಕಿಗೆ ಮರಳಿ, ‘ಟಿಟಿವೈ’ ಎಂಬ ಆಜ್ಞೆಯಿಂದ ‘ಇದು ಟರ್ಮಿನಲ್ಲೇ?’ ಎಂದು ವಿಚಾರಿಸಿ. ‘ಹೌದು, ಇಂಥ ಹೆಸರಿನ ಟರ್ಮಿನಲ್’ ಎಂಬ ಉತ್ತರ ಬರುತ್ತದೆ. ಬಳಿಕ ಅದೇ ಕಿಟಕಿಯಿಂದ ವಿಂಡೋಸಿನ ಪೈಥಾನನ್ನು ಕರೆದು, ‘ಇಸಾಟಿ’ ಎಂಬ ವಿಚಾರಣೆಯ ಮೂಲಕ ಇದೇ ಪ್ರಶ್ನೆಯನ್ನು ಹಾಕಿ. ‘ಅಲ್ಲ’ ಎಂಬ ಉತ್ತರ ಬರುತ್ತದೆ! ಒಂದೇ ಕಿಟಕಿಯ ಬಗ್ಗೆ ಇಬ್ಬರು ಸಾಕ್ಷಿಗಳು ವಿರುದ್ಧವಾದ ಹೇಳಿಕೆಗಳನ್ನು ಕೊಟ್ಟಿದ್ದಾರೆ. ಇಬ್ಬರೂ ಸುಳ್ಳಾಡುತ್ತಿಲ್ಲ. ಪದರವು ತನ್ನ ಕಡೆಯ ಪ್ರೋಗ್ರಾಮುಗಳಿಗೆ ಟರ್ಮಿನಲ್ಲಿನ ವೇಷವನ್ನು ತೋರಿಸುತ್ತಿದೆ. ಆದರೆ ಆ ವೇಷದ ಒಳಗೆ ಇರುವುದು ವಿಂಡೋಸಿನ ಪೈಪ್, ಎಂದರೆ ಒಂದು ಕಡೆ ಸುರಿದುದನ್ನು ಇನ್ನೊಂದು ಕಡೆ ಕೊಡುವ ಬರಿಯ ಕೊಳವೆ. ವಿಂಡೋಸಿನಲ್ಲಿ ಹುಟ್ಟಿದ ಪ್ರೋಗ್ರಾಮಿಗೆ ವೇಷದ ಪರಿಚಯವಿಲ್ಲ. ಅದಕ್ಕೆ ಕಾಣುವುದು ಕೊಳವೆಯೇ.

ಕೊಳವೆಯಾದರೆ ಮೌನವೇಕೆ? ಸಿ ಭಾಷೆಯ ಗ್ರಂಥಾಲಯವು ಮಿತವ್ಯಯಿ. ಎದುರಿಗೆ ಮನುಷ್ಯನಿದ್ದಾನೆಂದು ತಿಳಿದಾಗ ಮಾತನ್ನು ತಡಮಾಡದೆ ಕಳಿಸುತ್ತದೆ. ಎದುರಿಗಿರುವುದು ಕೊಳವೆಯೆಂದು ತೋರಿದರೆ ಮಾತುಗಳನ್ನು ಒಂದು ಪಾತ್ರೆಯಲ್ಲಿ ಕೂಡಿಡುತ್ತ ಹೋಗಿ, ಪಾತ್ರೆ ತುಂಬಿದಾಗ ಅಥವಾ ಕೆಲಸ ಮುಗಿದಾಗ ಒಟ್ಟಿಗೆ ಸುರಿಯುತ್ತದೆ. ಈ ಊಹೆ ನಿಜವಾದರೆ, ಪ್ರಶ್ನೆಯನ್ನು ಬರೆದ ಸಾಲಿನ ಮುಂದೆ ಪಾತ್ರೆಯನ್ನು ಖಾಲಿಮಾಡುವ ‘ಎಫ್‌ಫ್ಲಷ್’ ಎಂಬ ಆಜ್ಞೆಯನ್ನು ಸೇರಿಸಿದೊಡನೆ ಪ್ರಶ್ನೆಯು ವೇಳೆಗೆ ಸರಿಯಾಗಿ ಕಾಣಿಸಬೇಕು. ಮೂರನೆಯ ಪ್ರಯೋಗದಲ್ಲಿ ಹಾಗೆಯೇ ಆಗುತ್ತದೆ. ನಾವು ಒಳಬರುವ ಹಾದಿಯಲ್ಲಿದೆಯೆಂದು ತಿಳಿದಿದ್ದ ದೋಷವು ಹೊರಹೋಗುವ ಹಾದಿಯಲ್ಲಿತ್ತು!

ಒಳ್ಳೆಯ ವಿವರಣೆಯ ಲಕ್ಷಣವೇನೆಂದರೆ ಅದು ಇನ್ನೂ ನೋಡದ ಸಂಗತಿಯನ್ನು ಮುಂದಾಗಿ ಹೇಳಬಲ್ಲುದು. ನಮ್ಮ ವಿವರಣೆಯ ಪ್ರಕಾರ ಆ ಕಿಟಕಿಯಲ್ಲಿ ಪೈಥಾನನ್ನು ಸುಮ್ಮನೆ ಕರೆದರೆ ಅದು ತನ್ನ ಎಂದಿನ ಮೂರು ಬಾಣಗಳ ಗುರುತನ್ನು ತೋರಿಸಬಾರದು; ಏಕೆಂದರೆ ಮನುಷ್ಯನಿಲ್ಲದ ಕಡೆ ಆ ಗುರುತು ನಿಷ್ಪ್ರಯೋಜಕ. ಆದರೆ ‘ಎದುರಿಗೆ ಮನುಷ್ಯನಿದ್ದಾನೆಂದೇ ತಿಳಿ’ ಎಂದು ಹೇಳುವ ‘ಐ’ ಎಂಬ ಆಯ್ಕೆಯೊಡನೆ ಕರೆದರೆ ತೋರಿಸಬೇಕು. ಎರಡೂ ನಿಜವಾಗುತ್ತವೆ. ಇಲ್ಲಿಗೆ ಊಹೆಯು ಊಹೆಯಾಗಿ ಉಳಿಯಲಿಲ್ಲ. ಅದು ಪರೀಕ್ಷೆಯಲ್ಲಿ ತೇರ್ಗಡೆಯಾದ ವಿವರಣೆಯಾಯಿತು.

ಇದಕ್ಕೆ ಪರಿಹಾರಗಳೂ ಉಂಟು. ವಿನ್‌ಪಿಟಿವೈ ಎಂಬ ಉಪಕರಣವು ಮರೆಯಲ್ಲಿ ನಿಜವಾದ ಕನ್ಸೋಲೊಂದನ್ನು ತೆರೆದು, ಅದರ ತೆರೆಯನ್ನು ಮತ್ತೆ ಮತ್ತೆ ಓದಿ ನಮಗೆ ತೋರಿಸುತ್ತದೆ. 2018ರಲ್ಲಿ ವಿಂಡೋಸಿಗೆ ಕಾನ್‌ಪಿಟಿವೈ ಎಂಬ ಸೌಲಭ್ಯವು ಸೇರಿತು. ಕೃತಕ ಟರ್ಮಿನಲ್ಲನ್ನು ವ್ಯವಸ್ಥೆಯೇ ಒದಗಿಸುವ ಏರ್ಪಾಡು ಇದು. ಸಿಗ್ವಿನ್ ತನ್ನ 3.1ನೆಯ ಆವೃತ್ತಿಯಿಂದ ಇದನ್ನು ಬಳಸಿಕೊಂಡಿತು. ಆದುದರಿಂದ ಹೊಸ ಆವೃತ್ತಿಗಳಲ್ಲಿ ಮೇಲೆ ಹೇಳಿದ ಮೌನವು ಕಾಣಿಸದೆ ಇರಬಹುದು. ಆವೃತ್ತಿ ಹಳೆಯದಾಗಿದ್ದರೆ ಅಥವಾ ಆ ಸೌಲಭ್ಯವನ್ನು ತಡೆದಿಟ್ಟಿದ್ದರೆ ಕಾಣಿಸಬಹುದು. ಕಾರಣವನ್ನು ತಿಳಿದವನಿಗೆ ಈ ಪರಿಹಾರಗಳಲ್ಲಿ ಯಾವುದು ಯಾವಾಗ ಬೇಕೆಂಬುದು ತಾನಾಗಿ ತಿಳಿಯುತ್ತದೆ. ಕಾರಣವನ್ನು ತಿಳಿಯದವನಿಗೆ ಅವೆಲ್ಲವೂ ಮಂತ್ರಗಳೇ.

ಮಲಗಿದವನು ಸತ್ತವನಲ್ಲ

ಇನ್ನೊಂದು ಉದಾಹರಣೆ. ಓದುವುದು ಮುಗಿಯಿತೆಂದು ತಿಳಿಸುವ ಕೀಲಿಯು ವಿಂಡೋಸಿನಲ್ಲಿ ಕಂಟ್ರೋಲ್-ಝಡ್. ಇದು ಎಂ‌ಎಸ್-ಡಾಸ್ ವ್ಯವಸ್ಥೆಗೂ ಮೊದಲಿನ ಸಿಪಿ-ಎಂ ಎಂಬ ವ್ಯವಸ್ಥೆಯಿಂದ ಬಂದ ರೂಢಿ. ಆ ವ್ಯವಸ್ಥೆಯು ಕಡತದ ಅಳತೆಯನ್ನು 128 ಬೈಟುಗಳ ತುಂಡುಗಳಲ್ಲಿ ಮಾತ್ರ ಎಣಿಸುತ್ತಿದ್ದುದರಿಂದ, ಕೊನೆಯ ತುಂಡಿನೊಳಗೆ ಬರಹವು ಎಲ್ಲಿ ಮುಗಿಯಿತೆಂಬುದನ್ನು ತೋರಿಸಲು 26 ಎಂಬ ಸಂಖ್ಯೆಯನ್ನು ಗುರುತಾಗಿ ಇಡುತ್ತಿದ್ದರು. ಯೂನಿಕ್ಸ್ ಮನೆತನದಲ್ಲಿ ಮುಕ್ತಾಯದ ಕೀಲಿ ಕಂಟ್ರೋಲ್-ಡಿ. ಅಲ್ಲಿ ಕಂಟ್ರೋಲ್-ಝಡ್ ಎಂದರೆ ‘ಮಲಗಿರು’.

ಈಗ ವಿಂಡೋಸಿನ ಪುಸ್ತಕದಿಂದ ಕಲಿತ ವಿದ್ಯಾರ್ಥಿನಿಯೊಬ್ಬಳು ಡಬ್ಲ್ಯೂಎಸ್‌ಎಲ್ ಒಳಗೆ ಅಕ್ಷರಗಳನ್ನೆಣಿಸುವ ಪ್ರೋಗ್ರಾಮನ್ನು ನಡೆಸಿ, ಬರಹ ಮುಗಿದ ಮೇಲೆ ಕಂಟ್ರೋಲ್-ಝಡ್ ಒತ್ತಿದಳೆನ್ನೋಣ. ಎಣಿಕೆಯ ಉತ್ತರ ಬರದೆ, ಶೆಲ್ಲಿನ ಸೂಚನೆ ಮರಳಿ ಬರುತ್ತದೆ. ಪ್ರೋಗ್ರಾಮು ಮುರಿದುಬಿದ್ದಿತೆಂದು ಅವಳು ಭಾವಿಸುವುದು ಸಹಜ. ‘ಜಾಬ್ಸ್’ ಎಂಬ ಆಜ್ಞೆಯನ್ನು ಕೊಟ್ಟರೆ ನಿಜಸ್ಥಿತಿ ಗೊತ್ತಾಗುತ್ತದೆ: ಪ್ರೋಗ್ರಾಮು ಸತ್ತಿಲ್ಲ, ಮಲಗಿದೆ. ‘ಎಫ್‌ಜಿ’ ಎಂಬ ಆಜ್ಞೆಯಿಂದ ಎಬ್ಬಿಸಿ ಕಂಟ್ರೋಲ್-ಡಿ ಒತ್ತಿದರೆ ಉತ್ತರ ದೊರೆಯುತ್ತದೆ. ಅವಳ ತರ್ಕದಲ್ಲಿ ದೋಷವಿರಲಿಲ್ಲ. 26 ಎಂಬ ಒಂದೇ ಸಂಖ್ಯೆಗೆ ಎರಡು ಮನೆಗಳಲ್ಲಿ ಎರಡು ಅರ್ಥಗಳಿದ್ದವು.

ಸ್ತಬ್ಧವಾದ ಕಿಟಕಿಯ ರಹಸ್ಯವೂ ಇಂಥದೇ. ಬರೆದುದನ್ನು ಉಳಿಸಲು ಕಂಟ್ರೋಲ್-ಎಸ್ ಒತ್ತುವುದು ಇಂದು ಎಲ್ಲರಿಗೂ ರೂಢಿ. ಅದರ ಸಂಖ್ಯೆ 19. ಟೆಲಿಟೈಪಿನ ಕಾಲದಲ್ಲಿ ರಂಧ್ರಪಟ್ಟಿಯನ್ನು ಓದುವ ಯಂತ್ರಕ್ಕೆ ‘ತಡೆ’ ಎಂದು ಹೇಳಲು ಈ ಸಂಖ್ಯೆಯನ್ನೂ, ‘ಮುಂದುವರಿ’ ಎನ್ನಲು ಕಂಟ್ರೋಲ್-ಕ್ಯೂ ಎಂಬ 17ನ್ನೂ ಬಳಸುತ್ತಿದ್ದರು. ಲಿನಕ್ಸಿನ ಸಾಲಿನ ಮೇಲ್ವಿಚಾರಕನು ಈ ಅಪ್ಪಣೆಯನ್ನು ಇಂದಿಗೂ ಪಾಲಿಸುತ್ತಾನೆ. ಕಿಟಕಿ ಸ್ತಬ್ಧವಾದಾಗ ಗಣಕದ ವಿದ್ಯುತ್ತನ್ನು ಕಡಿಯುವುದಕ್ಕೆ ಮುಂಚೆ ಒಮ್ಮೆ ಕಂಟ್ರೋಲ್-ಕ್ಯೂ ಒತ್ತಿ ನೋಡಿ. ಆ ತನಕ ಒತ್ತಿದ ಅಕ್ಷರಗಳೆಲ್ಲ ಒಟ್ಟಿಗೆ ಕಾಣಿಸಿಕೊಂಡರೆ ಕಾರಣ ಸಿಕ್ಕಂತೆಯೇ.

ಕನ್ನಡದ ಅಕ್ಷರ ಮತ್ತು ಅಳಿಸುವ ಕೀಲಿ

ನಮ್ಮ ಭಾಷೆಗೇ ಸಂಬಂಧಿಸಿದ ಉದಾಹರಣೆಯನ್ನೂ ನೋಡೋಣ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಅವರು ರೂಪಿಸಿದ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ‘ಕ’ ಎಂದರೆ 224, 178, 149 ಎಂಬ ಮೂರು ಸಂಖ್ಯೆಗಳು. ‘ಕ್ರಿ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರವಾದರೂ ಗಣಕಕ್ಕೆ ಅದು ಕಕಾರ, ವಿರಾಮ, ರಕಾರ, ಇಕಾರದ ಚಿಹ್ನೆ ಎಂಬ ನಾಲ್ಕು ಸಂಕೇತಗಳು, ಹನ್ನೆರಡು ಬೈಟುಗಳು.

ಸಾಲಿನ ಮೇಲ್ವಿಚಾರಕನು ಹುಟ್ಟಿದ್ದು ಒಂದು ಅಕ್ಷರಕ್ಕೆ ಒಂದೇ ಸಂಖ್ಯೆ ಇದ್ದ ಕಾಲದಲ್ಲಿ. ಅವನಿಗೆ ಬೇರೆ ಹೇಳದಿದ್ದರೆ ‘ಅಳಿಸು’ ಎಂದಾಗ ಒಂದೇ ಬೈಟನ್ನು ಅಳಿಸುತ್ತಾನೆ. ‘ಕ’ ಬರೆದು ಒಮ್ಮೆ ಅಳಿಸಿದರೆ ತೆರೆಯ ಮೇಲೆ ಅಕ್ಷರ ಹೋದಂತೆ ಕಂಡರೂ 224 ಮತ್ತು 178 ಎಂಬ ಎರಡು ಬೈಟುಗಳು ಒಳಗೆ ಅನಾಥವಾಗಿ ಉಳಿಯುತ್ತವೆ. ಇದನ್ನು ಸರಿಪಡಿಸಲು 2004ರಲ್ಲಿ ಲಿನಕ್ಸಿಗೆ ‘ಐಯುಟಿಎಫ್8’ ಎಂಬ ಗುಂಡಿಯೊಂದನ್ನು ಸೇರಿಸಿದರು. ಪದರಗಳ ಮೂಲಕ ಹಾದುಬರುವಾಗ ಈ ಗುಂಡಿಯನ್ನು ಹಾಕಬೇಕಾದವರು ಹಾಕದೆ ಬಿಟ್ಟರೆ ಹಳೆಯ ತೊಂದರೆ ಮತ್ತೆ ತಲೆಯೆತ್ತುತ್ತದೆ. ಹಾಕಿದ್ದರೂ ‘ಕ್ರಿ’ಯನ್ನು ಅಳಿಸಲು ನಾಲ್ಕು ಸಲ ಒತ್ತಬೇಕು, ಅದು ದೋಷವಲ್ಲ, ಆ ಪದ್ಧತಿಯ ಲಕ್ಷಣ. ಯಾವುದು ದೋಷ, ಯಾವುದು ಲಕ್ಷಣ ಎಂಬ ವಿವೇಚನೆಯೂ ಈ ಅಭ್ಯಾಸದಿಂದಲೇ ಬರಬೇಕಾದುದು. ಕನ್ನಡವನ್ನು ಗಣಕದಲ್ಲಿ ಸಲೀಸಾಗಿ ನಡೆಸಬೇಕೆಂಬ ಹಂಬಲವುಳ್ಳ ತರುಣರಿಗೆ ಇಲ್ಲಿ ಮಾಡತಕ್ಕ ಕೆಲಸ ಬೇಕಾದಷ್ಟಿದೆ.

ಸರಪಳಿಯನ್ನು ಮಧ್ಯದಲ್ಲಿ ಮುಟ್ಟಿ ನೋಡುವುದು

ಮೇಲಿನ ಉದಾಹರಣೆಗಳಲ್ಲಿ ಒಂದೇ ವಿಧಾನವು ಹುದುಗಿದೆ. ಕೀಲಿಯಿಂದ ಪ್ರೋಗ್ರಾಮಿನವರೆಗಿನ ಹಾದಿ ಒಂದು ಸರಪಳಿ: ಕೀಲಿಮಣೆ, ಕಿಟಕಿ, ಪದರ, ಸಾಲಿನ ಮೇಲ್ವಿಚಾರಕ, ಪ್ರೋಗ್ರಾಮು. ಸಾಲಾಗಿ ಜೋಡಿಸಿದ 64 ದೀಪಗಳ ಮಾಲೆಯಲ್ಲಿ ಒಂದು ಕಡೆ ತಂತಿ ಕಡಿದಿದೆ ಎನ್ನೋಣ. ಒಂದೊಂದೇ ದೀಪವನ್ನು ಬಿಚ್ಚಿ ನೋಡುವವನು 63 ಸಲ ನೋಡಬೇಕಾಗಬಹುದು. ಮಾಲೆಯ ಅರ್ಧದಲ್ಲಿ ಪರೀಕ್ಷಿಸಿ, ದೋಷವಿರುವ ಅರ್ಧವನ್ನು ಮತ್ತೆ ಅರ್ಧಮಾಡುತ್ತ ಹೋಗುವವನಿಗೆ ಆರು ಪರೀಕ್ಷೆಗಳು ಸಾಕು. ಕೀಲಿಯ ಸರಪಳಿಗೂ ಇದೇ ನ್ಯಾಯ.

ಅದರ ಮಧ್ಯದಲ್ಲಿ ಮುಟ್ಟಿ ನೋಡುವ ಉಪಕರಣಗಳು ಪ್ರತಿಯೊಂದು ಯೂನಿಕ್ಸ್ ಪರಿಸರದಲ್ಲಿಯೂ ಸಿದ್ಧವಾಗಿವೆ. ಕಂಟ್ರೋಲ್-ವಿ ಒತ್ತಿ ಬಳಿಕ ಸಂಶಯದ ಕೀಲಿಯನ್ನು ಒತ್ತಿದರೆ, ಅದರಿಂದ ಬಂದ ಸಂಖ್ಯೆಯನ್ನು ಅರ್ಥಮಾಡದೆ ಇದ್ದಂತೆಯೇ ತೋರಿಸಲಾಗುತ್ತದೆ. ‘ಎಸ್‌ಟಿಟಿವೈ’ ಎಂಬ ಆಜ್ಞೆಯನ್ನು ‘ಎ’ ಎಂಬ ಆಯ್ಕೆಯೊಡನೆ ಕೊಟ್ಟರೆ ಮೇಲ್ವಿಚಾರಕನು ಯಾವ ಸಂಖ್ಯೆಗೆ ಯಾವ ಅರ್ಥವನ್ನು ಇಟ್ಟುಕೊಂಡಿದ್ದಾನೆಂಬ ಪಟ್ಟಿ ದೊರೆಯುತ್ತದೆ. ಅಳಿಸುವ ಕೀಲಿಯು ಚಿಹ್ನೆಯನ್ನು ಮೂಡಿಸುವ ತೊಂದರೆಯನ್ನು ಈಗ ಎರಡು ನಿಮಿಷದಲ್ಲಿ ಬಿಡಿಸಬಹುದು. ಆ ಕೀಲಿಗೆ ಕೆಲವು ಕಿಟಕಿಗಳು 127ನ್ನು ಕಳಿಸುತ್ತವೆ, ಕೆಲವು 8ನ್ನು. ಕಿಟಕಿ ಕಳಿಸಿದ್ದು 8, ಮೇಲ್ವಿಚಾರಕನು ಕಾಯುತ್ತಿರುವುದು 127 ಎಂದು ಕಂಡುಬಂದರೆ ದೋಷದ ಸ್ಥಾನ ಸಿಕ್ಕಿತು. ಇಬ್ಬರಲ್ಲಿ ಯಾರನ್ನು ಬದಲಿಸಿದರೂ ತೊಂದರೆ ನೀಗುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಬದಲಿಸುವ ಮುನ್ನ ಏನಾಗಬೇಕೆಂಬುದನ್ನು ಬರೆದಿಡುವುದು, ಆದುದನ್ನು ಅದರೊಡನೆ ಹೋಲಿಸುವುದು, ಇವು ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ನಾವು ಬೋಧಿಸುವ ನಿಯಮಗಳೇ. ಎಲ್ಲವನ್ನೂ ತೆಗೆದು ಮತ್ತೆ ಹಾಕುವವನು ನೂರು ಸಂಗತಿಗಳನ್ನು ಒಮ್ಮೆಗೇ ಬದಲಿಸುತ್ತಾನೆ. ತೊಂದರೆ ಹೋದರೂ ಏಕೆ ಹೋಯಿತೆಂದು ಅವನು ಹೇಳಲಾರ. ನಾಳೆ ಮರಳಿ ಬಂದರೆ ಇಂದಿನಷ್ಟೇ ಅಸಹಾಯಕ.

ಆಕ್ಷೇಪಗಳಿಗೆ ಉತ್ತರ

‘ಪಾಠಪಟ್ಟಿಯೇ ಮುಗಿಯುವುದಿಲ್ಲ, ಇದಕ್ಕೆಲ್ಲ ವೇಳೆ ಎಲ್ಲಿ?’ ಎಂದು ಕೆಲವು ಅಧ್ಯಾಪಕರು ಕೇಳುವರು. ಅವರ ಕಷ್ಟ ನಮಗೂ ತಿಳಿದುದೇ. ಆದರೆ ಕಾರಣವನ್ನು ಹುಡುಕದೆ ಮತ್ತೆ ಮತ್ತೆ ಕಳೆಯುವ ಗಂಟೆಗಳನ್ನೂ ವೇಳೆಯ ಲೆಕ್ಕದಲ್ಲಿ ಸೇರಿಸಬೇಕಲ್ಲವೆ? ‘ಹೊಸ ಆವೃತ್ತಿ ಬಂದರೆ ತಾನೇ ಸರಿಹೋಗುತ್ತದೆ’ ಎಂಬುದು ಇನ್ನೊಂದು ಆಕ್ಷೇಪ. ಡಬ್ಲ್ಯೂಎಸ್‌ಎಲ್ ತನ್ನ ಎರಡನೆಯ ಪೀಳಿಗೆಯಲ್ಲಿ ನಿಜವಾದ ಲಿನಕ್ಸ್ ಗರ್ಭವನ್ನೇ ನಡೆಸುತ್ತದೆಂಬುದು ನಿಜ. ಅಲ್ಲಿ ಸಾಲಿನ ಮೇಲ್ವಿಚಾರಕನೂ ಅಸಲಿಯೇ. ಆದರೆ ಕಿಟಕಿಯು ವಿಂಡೋಸಿನದಾಗಿಯೇ ಉಳಿದಿದೆ. ಹೊಲಿಗೆಯು ಜಾಗ ಬದಲಿಸಿತೇ ಹೊರತು ಇಲ್ಲವಾಗಲಿಲ್ಲ. ‘ಕೃತಕ ಬುದ್ಧಿಮತ್ತೆಯ ಸಾಧನವನ್ನು ಕೇಳಿದರೆ ಪರಿಹಾರ ಹೇಳುತ್ತದೆ’ ಎಂಬ ಮಾತೂ ಇತ್ತೀಚೆಗೆ ಕೇಳಿಬರುತ್ತಿದೆ. ಅದು ಸಂಭವನೀಯವಾದ ಕಾರಣಗಳನ್ನು ಹೇಳಬಹುದು, ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಹೇಳಿದ ಐದು ಕಾರಣಗಳಲ್ಲಿ ನಿಮ್ಮ ಗಣಕದ ಕಾರಣ ಯಾವುದೆಂಬುದನ್ನು ನಿಮ್ಮ ಗಣಕದ ಮೇಲೆ ಮಾಡಿದ ಪ್ರಯೋಗ ಮಾತ್ರವೇ ತೀರ್ಮಾನಿಸಬಲ್ಲುದು.

ಇಂಥ ಕ್ಷುಲ್ಲಕ ವಿಷಯಕ್ಕೆ ಇಷ್ಟು ಗೌರವವೇ ಎಂದು ಕೇಳುವವರಿಗೆ, ಯೂನಿಕ್ಸ್ ಹುಟ್ಟಿದ ಬೆಲ್ ಪ್ರಯೋಗಾಲಯಗಳದೇ ಇನ್ನೊಂದು ಪ್ರಸಂಗವನ್ನು ನೆನಪಿಸುತ್ತೇವೆ. 1964ರಲ್ಲಿ ಅಲ್ಲಿನ ಆರ್ನೋ ಪೆನ್ಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಅವರ ಆಂಟೆನಾದಲ್ಲಿ ತೊಲಗದ ಗದ್ದಲವೊಂದು ಕೇಳಿಸುತ್ತಿತ್ತು. ಅವರು ಅದನ್ನು ಯಂತ್ರದ ಚೇಷ್ಟೆಯೆಂದು ಬಿಟ್ಟುಬಿಡಲಿಲ್ಲ. ಒಂದೊಂದು ಭಾಗವನ್ನೂ ಪರೀಕ್ಷಿಸಿದರು. ಒಳಗೆ ಗೂಡುಕಟ್ಟಿದ್ದ ಪಾರಿವಾಳಗಳನ್ನು ಹಿಡಿದು ಸಾಗಿಸಿ, ಅವುಗಳ ಹಿಕ್ಕೆಯನ್ನು ತೊಳೆದರು. ಸಂಶಯಕ್ಕೆ ಎಡೆಯಿದ್ದ ಕಾರಣಗಳನ್ನೆಲ್ಲ ತೊಡೆದ ಮೇಲೆ ಉಳಿದ ಗದ್ದಲವು ವಿಶ್ವದ ಬಾಲ್ಯದಿಂದ ಬಂದ ವಿಕಿರಣವೆಂದು ತಿಳಿಯಿತು. 1978ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಅಳಿಸುವ ಕೀಲಿಯ ಹಿಂದೆ ವಿಶ್ವರಹಸ್ಯ ಅಡಗಿದೆಯೆಂದು ನಾವು ಹೇಳುತ್ತಿಲ್ಲ. ಗದ್ದಲದ ಮೂಲವನ್ನು ಹುಡುಕುವ ತಾಳ್ಮೆ ಎರಡು ಕಡೆಯೂ ಒಂದೇ ಎನ್ನುತ್ತೇವೆ. ಆ ತಾಳ್ಮೆಯನ್ನು ಚಿಕ್ಕ ದೋಷಗಳಲ್ಲಿಯೇ ಕಲಿಯಬೇಕು.

ಆದುದರಿಂದ ಕಾಲೇಜುಗಳಿಗೆ ನಮ್ಮ ಸಲಹೆ ಇಷ್ಟು. ಗಣಕ ಪ್ರಯೋಗದ ದಾಖಲೆ ಪುಸ್ತಕದಲ್ಲಿ ಪ್ರತಿ ಅವಧಿಗೆ ಎರಡು ಪುಟಗಳನ್ನು ದೋಷಶೋಧನೆಗೆ ಮೀಸಲಿಡಬೇಕು: ಕಂಡ ಲಕ್ಷಣ, ಮಾಡಿದ ಊಹೆ, ನಡೆಸಿದ ಪರೀಕ್ಷೆ, ದೊರೆತ ಫಲ. ಅಧ್ಯಾಪಕರು ಬೇಕೆಂದೇ ಒಂದು ದೋಷವನ್ನು ಇಟ್ಟು ಅದನ್ನು ಹುಡುಕಿಸಬೇಕು. ಅಳಿಸುವ ಕೀಲಿಯ ಸಂಖ್ಯೆಯನ್ನು ಬದಲಿಸಿಟ್ಟರೆ ಸಾಕು, ಖರ್ಚೇನೂ ಇಲ್ಲ. ಪರೀಕ್ಷೆಯಲ್ಲಿ ಸರಿಯಾದ ಉತ್ತರಕ್ಕೆ ಕೊಡುವಂತೆ ಸರಿಯಾದ ಹುಡುಕಾಟಕ್ಕೂ ಅಂಕಗಳನ್ನು ಕೊಡಬೇಕು. ಪ್ರೋಗ್ರಾಮು ನಡೆಯಲಿಲ್ಲವಾದರೂ ಏಕೆ ನಡೆಯಲಿಲ್ಲವೆಂದು ತೋರಿಸಿದವನು ಬರಿಗೈಯಲ್ಲಿ ಹೋಗಬಾರದು.

ವಿದ್ಯಾರ್ಥಿಗಳಿಗೂ ಒಂದು ಮಾತು. ಮುಂದಿನ ಸಲ ಒತ್ತಿದ ಕೀಲಿ ಹೇಳಿದಂತೆ ಕೇಳದಿದ್ದಾಗ, ಏನನ್ನೂ ತೆಗೆದುಹಾಕುವ ಮುನ್ನ ಒಂದು ಕಾಗದವನ್ನು ತೆಗೆದುಕೊಳ್ಳಿ. ಕೀಲಿಮಣೆಯಿಂದ ಪ್ರೋಗ್ರಾಮಿನವರೆಗಿನ ಸರಪಳಿಯನ್ನು ಅದರ ಮೇಲೆ ಬರೆಯಿರಿ. ನಡುವಿನ ಕೊಂಡಿಯನ್ನು ಮೊದಲು ಪರೀಕ್ಷಿಸಿ. ದೋಷವು ನಿಮ್ಮ ಬುದ್ಧಿಯಲ್ಲಿಲ್ಲ, ಆ ಕಾಗದದ ಮೇಲಿರುವ ಯಾವುದೋ ಎರಡು ಹೆಸರುಗಳ ನಡುವೆ ಇದೆಯೆಂಬುದು ಸ್ವಲ್ಪ ಹೊತ್ತಿನಲ್ಲಿಯೇ ನಿಮಗೆ ತಿಳಿದುಬರುವುದು.